ಶಿರಾಲಿಯಿಂದ ಪರಪ್ರಾಂತದ ಕಾಲೇಜಿಗೆ: ಒಂದು ಲೆಕ್ಕಾಚಾರದ ಇತಿಹಾಸ

ಉತ್ತರ ಕನ್ನಡ ಜಿಲ್ಲೆಯ ದಕ್ಷಿಣದ ತುದಿಯಲ್ಲಿ, ಭಟ್ಕಳ ಮತ್ತು ಮುರ್ಡೇಶ್ವರಗಳ ನಡುವೆ, ಒಂದು ಕಡೆ ಕಡಲು ಇನ್ನೊಂದು ಕಡೆ ಘಟ್ಟ ಇರುವ ಇಕ್ಕಟ್ಟಾದ ಪಟ್ಟಿಯಲ್ಲಿರುವ ಶಿರಾಲಿಯು ಚಿತ್ರಾಪುರ ಮಠದ ಊರೆಂದೇ ಹೊರಗಿನವರಿಗೆ ಪರಿಚಿತವಾಗಿದೆ. ಹೈಸ್ಕೂಲು ಮುಗಿಸಿದ ಹುಡುಗನನ್ನು ದೂರದ, ದುಬಾರಿಯ, ಸುಲಭಕ್ಕೆ ಸೀಟು ಸಿಗದ ಕಾಲೇಜಿಗೆ ಕಳಿಸಬಹುದೇ ಎಂಬ ಲೆಕ್ಕವನ್ನು ಈ ಊರಿನ ಮನೆಗಳು ಕನಿಷ್ಠ ಒಂದೂವರೆ ಶತಮಾನದಿಂದ ಹಾಕುತ್ತ ಬಂದಿವೆ. ಆ ಲೆಕ್ಕದಲ್ಲಿ ಅಂಕಗಳ ಪಾಲು ಎಷ್ಟಿತ್ತೋ ಹಣದ ಪಾಲು, ದಾರಿಯ ಪಾಲು, ದಾರಿಯ ಆ ತುದಿಯಲ್ಲಿದ್ದ ನೆಂಟರ ಮನೆಯ ಪಾಲು ಅಷ್ಟೇ ಇತ್ತು. ಇವೆಲ್ಲವುಗಳ ಜೊತೆಗೆ ಕುಟುಂಬದವರ ಕೈಯಲ್ಲಿ ಎಂದೂ ಇರದಿದ್ದ ಇನ್ನೊಂದು ಅಂಶವೂ ಸೇರಿಕೊಂಡಿತ್ತು. ಅದೆಂದರೆ ಪ್ರಾಂತದ ಗಡಿ. ಶಿರಾಲಿ ಇದ್ದಲ್ಲೇ ಇತ್ತು, ಆದರೆ ಅದು ಯಾವ ಸರಕಾರಕ್ಕೆ ಸೇರಿದ್ದು ಎಂಬುದು ಎರಡು ಸಲ ಬದಲಾಯಿತು, ಪ್ರತಿ ಸಲವೂ ಯಾವ ಕಾಲೇಜು ತಮ್ಮದು, ಯಾವುದು ಪರರದು ಎಂಬ ತಿಳಿವಳಿಕೆಯೂ ಅದರೊಂದಿಗೆ ತಲೆಕೆಳಗಾಯಿತು.

ಟಿಪ್ಪು ಸುಲ್ತಾನನ ಪತನದ ನಂತರ, 1799ರಲ್ಲಿ ಕೆನರಾ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದು ಮದ್ರಾಸಿನ ಆಡಳಿತಕ್ಕೆ ಸೇರಿತು. ಆರು ದಶಕಗಳ ಬಳಿಕ ಆ ಜಿಲ್ಲೆಯನ್ನು ಉತ್ತರ, ದಕ್ಷಿಣ ಎಂದು ಎರಡಾಗಿ ಒಡೆಯಲಾಯಿತು, ಮತ್ತು 1862ರಲ್ಲಿ ಉತ್ತರ ಕೆನರಾವನ್ನು, ಅಂದರೆ ಇಂದಿನ ಉತ್ತರ ಕನ್ನಡವನ್ನು, ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಈ ವರ್ಗಾವಣೆಗೆ ಮುಖ್ಯ ಕಾರಣ ಹತ್ತಿಯಾಗಿತ್ತು. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸಬೇಕೆಂದು ವ್ಯಾಪಾರಿಗಳು ಒತ್ತಾಯಿಸಿದರು, ಹತ್ತಿ ಬೆಳೆಯುವ ಸೀಮೆಯೂ ಬಂದರೂ ಒಂದೇ ಪ್ರಾಂತದಲ್ಲಿದ್ದರೆ ಅನುಕೂಲವೆಂದು ಸರಕಾರಕ್ಕೂ ತೋರಿತು. ಭಟ್ಕಳದ ದಕ್ಷಿಣಕ್ಕೆ ಶಿರೂರಿನ ಹತ್ತಿರ ಬಿದ್ದ ಆ ಗೆರೆ ವಿದ್ಯೆಯ ವಿಚಾರದಲ್ಲಿ ಏನು ಮಾಡೀತೆಂದು ಆಗ ಯಾರೂ ಯೋಚಿಸಿದಂತೆ ಕಾಣುವುದಿಲ್ಲ.

ಮುಂಬಯಿ, ಮದ್ರಾಸು, ಕಲಕತ್ತೆಗಳಲ್ಲಿ 1857ರಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದ್ದವು. ಆ ಕಾಲದ ವಿಶ್ವವಿದ್ಯಾಲಯ ಪಾಠ ಹೇಳುತ್ತಿರಲಿಲ್ಲ, ಪರೀಕ್ಷೆ ನಡೆಸಿ ಪದವಿ ಕೊಡುವುದಷ್ಟೇ ಅದರ ಕೆಲಸ. ಅದರ ಬಾಗಿಲಲ್ಲಿ ನಿಂತಿದ್ದುದು ಮೆಟ್ರಿಕ್ಯುಲೇಶನ್, ಅಂದರೆ ಕಾಲೇಜು ಸೇರಲು ಅರ್ಹತೆ ಇದೆಯೇ ಎಂದು ವಿಶ್ವವಿದ್ಯಾಲಯವೇ ನಡೆಸುವ ಪ್ರವೇಶ ಪರೀಕ್ಷೆ. ಬಹುಪಾಲು ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಈ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗಿಂತ ನಪಾಸಾದವರೇ ಬಹುಕಾಲ ಹೆಚ್ಚಾಗಿದ್ದರು. ಮುಂಬಯಿಯ ಮೊದಲ ಬಿ.ಎ. ಪದವೀಧರರು 1862ರಲ್ಲಿ ಹೊರಬಂದಾಗ ಅವರ ಸಂಖ್ಯೆ ಕೇವಲ ನಾಲ್ಕು, ಮಹಾದೇವ ಗೋವಿಂದ ರಾನಡೆ ಮತ್ತು ರಾಮಕೃಷ್ಣ ಗೋಪಾಲ ಭಂಡಾರಕರ ಅವರಲ್ಲಿ ಇಬ್ಬರು. ಉತ್ತರ ಕೆನರಾ ಮುಂಬಯಿಗೆ ಸೇರಿದ್ದೂ ಅದೇ ವರ್ಷ. ಹೀಗೆ ಶಿರಾಲಿಯ ಹುಡುಗ ಮುಂಬಯಿಯ ಮೆಟ್ರಿಕ್ಕಿಗೂ, ಗೆರೆಯಾಚೆಯ ಬೈಂದೂರಿನ ಹುಡುಗ ಮದ್ರಾಸಿನ ಮೆಟ್ರಿಕ್ಕಿಗೂ ಕೂರಬೇಕಾಯಿತು.

ಈ ಗೆರೆಯ ಪರಿಣಾಮ ಚಿತ್ರಾಪುರ ಸಾರಸ್ವತ ಸಮಾಜದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಗೋಕರ್ಣದಲ್ಲಿ 1708ರಲ್ಲಿ ಆರಂಭವಾದ ಈ ಸಮಾಜದ ಗುರುಪರಂಪರೆ 1757ರ ಹೊತ್ತಿಗೆ ಶಿರಾಲಿಯಲ್ಲಿ ನೆಲೆಯಾಯಿತು. ಮನೆಯಲ್ಲಿ ಕೊಂಕಣಿ, ಬರವಣಿಗೆಯಲ್ಲಿ ಕನ್ನಡ ಬಳಸುತ್ತಿದ್ದ ಇವರು ಹಳೆಯ ಕಾಲದಿಂದ ಶಾನುಭೋಗಿಕೆ, ಅಂದರೆ ಊರಿನ ಭೂಕಂದಾಯದ ಲೆಕ್ಕಪತ್ರ ಇಡುವ ಕೆಲಸ ಮಾಡಿದವರಾದ್ದರಿಂದ ಕಚೇರಿ ಮತ್ತು ಕಾಗದ ಇವರಿಗೆ ಹೊಸದಾಗಿರಲಿಲ್ಲ, ಇಂಗ್ಲಿಷ್ ಒಂದು ಮಾತ್ರ ಹೊಸದಾಗಿತ್ತು. ಒಂದೇ ಮಠಕ್ಕೆ ನಡೆದುಕೊಳ್ಳುತ್ತಿದ್ದ, ಪರಸ್ಪರ ಹೆಣ್ಣು ಕೊಟ್ಟು ತರುತ್ತಿದ್ದ ಈ ಕುಟುಂಬಗಳ ಮಕ್ಕಳು ಗೆರೆಯ ದಕ್ಷಿಣಕ್ಕಿದ್ದರೆ ಮದ್ರಾಸಿಗೂ ಉತ್ತರಕ್ಕಿದ್ದರೆ ಮುಂಬಯಿಗೂ ಹೋದರು. ಮುಂದೆ ಸಂವಿಧಾನ ರಚನೆಯಲ್ಲಿ ಸಲಹೆಗಾರರಾಗಿ ದುಡಿದ, 1887ರಲ್ಲಿ ಮಂಗಳೂರು ಕಡೆ ಹುಟ್ಟಿದ ಬೆನೆಗಲ್ ನರಸಿಂಗ ರಾಯರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಮೂಲಕ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ತಲುಪಿದರು. ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರಕರರ ದಾರಿ ಮುಂಬಯಿಗೆ ಹೋಗುವಂಥದಾಗಿತ್ತು.

ಚಂದಾವರಕರರ ಉದಾಹರಣೆ ತುಸು ನಿಧಾನವಾಗಿ ನೋಡತಕ್ಕದ್ದು, ಏಕೆಂದರೆ ಆ ಕಾಲದಲ್ಲಿ ಅವಕಾಶವೆಂಬುದು ಹೇಗೆ ಒದಗುತ್ತಿತ್ತು ಎಂಬುದಕ್ಕೆ ಅದು ನಿಚ್ಚಳವಾದ ಸಾಕ್ಷಿ. ಮುಂಬಯಿಯಲ್ಲಿ ಅವರ ಸೋದರಮಾವ ಶಾಮರಾವ್ ವಿಠಲ ಕೈಕಿಣಿ ವಕೀಲಿ ವೃತ್ತಿಯಲ್ಲಿ ನೆಲೆ ಕಂಡಿದ್ದರು. ಹದಿಮೂರು ಹದಿನಾಲ್ಕರ ಹುಡುಗನಾಗಿದ್ದಾಗ ಚಂದಾವರಕರರು 1869ರಲ್ಲಿ ಮಾವನ ಆಸರೆಗೆ ಹೋಗಿ, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ, ವಕೀಲರಾಗಿ, 1885ರಲ್ಲಿ ಭಾರತದ ಪರವಾಗಿ ಮಾತನಾಡಲು ಇಂಗ್ಲೆಂಡಿಗೆ ಹೋದ ಪ್ರತಿನಿಧಿಗಳಲ್ಲಿ ಒಬ್ಬರಾಗಿ, 1900ರಲ್ಲಿ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿ, ಮರುವರ್ಷ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದರು. ತಾವು ಪರೀಕ್ಷೆ ಕೊಟ್ಟ ವಿಶ್ವವಿದ್ಯಾಲಯಕ್ಕೇ ಮುಂದೆ ಉಪಕುಲಪತಿಯೂ ಆದರು. ಅವರ ಬುದ್ಧಿಶಕ್ತಿಯ ಬಗ್ಗೆ ಸಂಶಯಕ್ಕೆ ಎಡೆಯಿಲ್ಲ. ಆದರೂ ಹೊನ್ನಾವರದಲ್ಲಿ ಅಷ್ಟೇ ಬುದ್ಧಿಯುಳ್ಳ, ಆದರೆ ಮುಂಬಯಿಯಲ್ಲಿ ಮಾವನಿಲ್ಲದ ಹುಡುಗರು ಇದ್ದಿರಲೇಬೇಕು. ಅವರ ಹೆಸರು ಯಾವ ಪುಸ್ತಕದಲ್ಲೂ ಬರುವುದಿಲ್ಲ.

ಮಾವನಿಲ್ಲದವರಿಗೆ ಊರಿನಲ್ಲೇ ಇದ್ದ ದಾರಿ ಮುಲ್ಕಿ ಪರೀಕ್ಷೆಯದು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಏಳನೆಯ ಇಯತ್ತೆಯವರೆಗಿನ ಕನ್ನಡ ಶಾಲೆಯ ಕೊನೆಗೆ ನಡೆಯುತ್ತಿದ್ದ ಈ ಪರೀಕ್ಷೆ ಪಾಸಾದವನು ಮಾಸ್ತರಿಕೆಗೋ ಸಣ್ಣ ಸರಕಾರಿ ನೌಕರಿಗೋ ಅರ್ಹನಾಗುತ್ತಿದ್ದನು, ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ತರಬೇತಿಯನ್ನೂ ಪಡೆಯಬಹುದಿತ್ತು. ಮುಲ್ಕಿಯೋ ಮೆಟ್ರಿಕ್ಕೋ ಎಂಬುದನ್ನು ಹುಡುಗನಿಗೆ ಹತ್ತು ಹನ್ನೊಂದು ವರ್ಷವಾಗುವಷ್ಟರಲ್ಲಿ ಮನೆಯವರು ತೀರ್ಮಾನಿಸಬೇಕಾಗಿತ್ತು, ಏಕೆಂದರೆ ಮೆಟ್ರಿಕ್ಕಿಗೆ ಇಂಗ್ಲಿಷ್ ಶಾಲೆ ಬೇಕು, ಇಂಗ್ಲಿಷ್ ಶಾಲೆಗೆ ಕುಮಟೆಯ ಗಿಬ್ ಹೈಸ್ಕೂಲಿನಂಥ ಕಡೆ ಹೋಗಿ ನಿಲ್ಲಬೇಕು, ಮತ್ತು ಅಲ್ಲಿಂದ ಮುಂದಿನ ಖರ್ಚು ಸಾಲವಿಲ್ಲದೆ ನಡೆಯುವಂಥದಲ್ಲ. ಬಡ ಹುಡುಗರು ವಾರಾನ್ನದ ಮೇಲೆ ಓದಿದರು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ ಗೊತ್ತು ಮಾಡಿಕೊಳ್ಳುವ ಈ ಪದ್ಧತಿ ಕರ್ನಾಟಕದ ಉದ್ದಗಲಕ್ಕೂ ಇತ್ತು. ಅದರಿಂದ ಬ್ರಾಹ್ಮಣರಿಗೆ ಮತ್ತು ಅವರಂತೆ ಊಟ ಹಾಕುವ ಮನೆಗಳುಳ್ಳ ಜಾತಿಗಳಿಗೆ ಮಾತ್ರ ಪ್ರಯೋಜನವಾಯಿತೆಂಬುದನ್ನು ಅದನ್ನು ಹೊಗಳುವವರು ಮರೆಯುವುದುಂಟು. ಕರಾವಳಿಯ ಹಾಲಕ್ಕಿ ಒಕ್ಕಲಿಗರ, ನಾಮಧಾರಿಗಳ, ಮೀನುಗಾರರ ಮಕ್ಕಳಿಗೆ ವಾರಾನ್ನದ ಮನೆಗಳೂ ಇರಲಿಲ್ಲ, ಮುಂಬಯಿಯ ಮಾವಂದಿರೂ ಇರಲಿಲ್ಲ.

ದಾರಿಯ ಲೆಕ್ಕ ಬೇರೆಯೇ ಇತ್ತು. ಭಟ್ಕಳ, ಹೊನ್ನಾವರ, ಕುಮಟೆ, ಕಾರವಾರಗಳ ಮೂಲಕ ಮುಂಬಯಿಗೆ ಹಾಯಿಯ ಪತ್ತೇಮಾರಿಗಳೂ ಆ ಮೇಲೆ ಉಗಿ ಹಡಗುಗಳೂ ನಡೆದವು, ಆದರೆ ಮಳೆಗಾಲ ಹತ್ತಿರವಾದಂತೆ ಕರಾವಳಿಯ ಸಂಚಾರ ನಿಂತು ಬಂದರುಗಳು ಮುಚ್ಚುತ್ತಿದ್ದವು. ಇಪ್ಪತ್ತನೆಯ ಶತಮಾನದಲ್ಲಿ ಕಾಲೇಜುಗಳ ವರ್ಷ ಜೂನಿನಲ್ಲಿ ಆರಂಭವಾಗತೊಡಗಿದ್ದರಿಂದ ಹೊಸ ವಿದ್ಯಾರ್ಥಿ ಹೊರಡಬೇಕಾದ ಸಮಯಕ್ಕೂ ಕಡಲು ಕೆರಳುವ ಸಮಯಕ್ಕೂ ಸರಿಯಾಗಿ ಗಂಟು ಬೀಳುತ್ತಿತ್ತು. ಮೇ ತಿಂಗಳಲ್ಲೇ ಹಡಗು ಹತ್ತಬೇಕು, ಇಲ್ಲವೇ ಶರಾವತಿಯನ್ನು ದೋಣಿಯಲ್ಲಿ ದಾಟಿ, ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ, ಶಿರಸಿಯ ಮೇಲೆ ಹುಬ್ಬಳ್ಳಿ ಸೇರಿ ರೈಲು ಹಿಡಿಯಬೇಕು. ಮೆಟ್ರಿಕ್ಕಿನಲ್ಲಿ ಒಳ್ಳೆಯ ಅಂಕ ಬಂದೂ ಹೊರಡಲಾಗದೆ ವರ್ಷ ಕಳೆದುಕೊಳ್ಳುವ ಸಾಧ್ಯತೆಯನ್ನು ಲೆಕ್ಕದ ಹೊರಗಿಡುವಂತಿರಲಿಲ್ಲ.

ಮುಂಬಯಿಯ ತುದಿಯಲ್ಲಿ ಮಾವಂದಿರ ಕೆಲಸವನ್ನು ಕ್ರಮೇಣ ಸಂಸ್ಥೆಗಳು ವಹಿಸಿಕೊಂಡವು. ಶ್ರೀಪಾದ ಸುಬ್ಬರಾವ್ ತಲ್ಮಕಿ ತಮ್ಮ ಗುರುಸ್ಥಾನದಲ್ಲಿದ್ದ ಶಾಮರಾವ್ ವಿಠಲರ ಹೆಸರಿನಲ್ಲಿ 1906ರಲ್ಲಿ ಸಹಕಾರಿ ಪತ್ತಿನ ಸಂಘ ಕಟ್ಟಿದರು, ಅದೇ ಮುಂದೆ ಶಾಮರಾವ್ ವಿಠಲ ಸಹಕಾರಿ ಬ್ಯಾಂಕಾಯಿತು. ಕೆನರಾ ಸಾರಸ್ವತ ಅಸೋಸಿಯೇಷನ್ 1911ರಲ್ಲಿ ಹುಟ್ಟಿತು; ಮುಂಬಯಿಯ ಗಾಮದೇವಿಯಲ್ಲಿ 1915ರಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಆರಂಭವಾಯಿತು. ಊರಿನಿಂದ ಬಂದ ವಿದ್ಯಾರ್ಥಿಗೆ ಬೇಕಾದ ಸಾಲ, ಪರಿಚಯ, ಮಲಗಲು ಜಾಗ ಈ ಮೂರೂ ಸಮಾಜದೊಳಗೇ ದೊರೆಯುವಂತಾದದ್ದು ಹೀಗೆ. ಇನ್ನೂ ದೂರದ ವಿಲಾಯತಿಗೆ ಹೋಗಬಯಸುವವರಿಗೆ ಜಮ್ಶೆಟ್ಜಿ ಟಾಟಾ 1892ರಲ್ಲಿ ಸ್ಥಾಪಿಸಿದ ನಿಧಿ ಸಾಲರೂಪದ ವಿದ್ಯಾರ್ಥಿವೇತನ ಕೊಡುತ್ತಿತ್ತು. ವಿಲಾಯತಿಯ ಲೆಕ್ಕದಲ್ಲಿ ಮಾತ್ರ ಹಣಕ್ಕಿಂತ ದೊಡ್ಡ ತೊಡಕೊಂದಿತ್ತು: ಸಮುದ್ರ ದಾಟಿದವನು ಜಾತಿಯಿಂದ ಹೊರಗಾಗುತ್ತಾನೆಂಬ ನಿರ್ಬಂಧ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕರಾವಳಿಯ ಮಠಗಳ ಸುತ್ತ ಬಲವಾಗಿತ್ತು, ಮರಳಿ ಬಂದವನ ಜೊತೆ ಪಂಕ್ತಿಯಲ್ಲಿ ಉಣ್ಣಬಹುದೇ, ಅವನ ಮನೆಗೆ ಹೆಣ್ಣು ಕೊಡಬಹುದೇ ಎಂಬ ಪ್ರಶ್ನೆ ಅವನ ತಂಗಿಯರ ಮದುವೆಯವರೆಗೂ ಚಾಚುತ್ತಿತ್ತು. ಒಬ್ಬ ಮಗನ ಪದವಿಗೆ ಇಡೀ ಮನೆ ತೆರಬೇಕಾಗಿದ್ದ ಈ ಶುಲ್ಕ ಯಾವ ಕಾಲೇಜಿನ ಪ್ರಾಸ್ಪೆಕ್ಟಸ್ಸಿನಲ್ಲೂ ಅಚ್ಚಾಗುತ್ತಿರಲಿಲ್ಲ.

ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಪದವಿಯವರೆಗೆ ಓದಿಸುವ ಕಾಲೇಜು ಇರಲಿಲ್ಲ. ಧಾರವಾಡದವರೇ ಆದ ದ. ರಾ. ಬೇಂದ್ರೆಯವರು 1913ರಲ್ಲಿ ಮೆಟ್ರಿಕ್ ಮುಗಿಸಿ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋಗಬೇಕಾಯಿತೆಂದರೆ ಶಿರಾಲಿಯವರ ಮಾತೇನು? ಅರಟಾಳ ರುದ್ರಗೌಡ, ರೊದ್ದ ಶ್ರೀನಿವಾಸರಾಯರಂಥವರ ಪರಿಶ್ರಮದಿಂದ ಬಂದ ಆ ಕಾಲೇಜು ಮುಂದೆ ಹಳೆಯ ರೈಲ್ವೆ ಕಂಪನಿಯ ಮುಖ್ಯ ಕಚೇರಿಯ ಕಟ್ಟಡಕ್ಕೆ ಸ್ಥಳಾಂತರವಾಯಿತು. ಉತ್ತರ ಕೆನರಾದ ಮಧ್ಯಮ ವರ್ಗಕ್ಕೆ ಅದರಿಂದ ಖರ್ಚು ಇಳಿಯಿತು, ಆದರೆ ಮಹತ್ವಾಕಾಂಕ್ಷೆ ಇಳಿಯಲಿಲ್ಲ. ಶಿರಸಿಯಲ್ಲಿ ಬೆಳೆದ ಗಿರೀಶ ಕಾರ್ನಾಡರು ಇದೇ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದರು. ಆ ವಿಷಯಗಳನ್ನು ಆರಿಸಿಕೊಂಡದ್ದೂ ಲೆಕ್ಕಾಚಾರದಿಂದಲೇ: ಗಣಿತದಲ್ಲಿ ಅಂಕ ಹೆಚ್ಚು ಬರುತ್ತವೆ, ಅಂಕ ಹೆಚ್ಚಿದ್ದರೆ ವಿದೇಶಕ್ಕೆ ವಿದ್ಯಾರ್ಥಿವೇತನ ಸಿಗಬಹುದು. ಸೆಸಿಲ್ ರೋಡ್ಸನ ಮರಣಪತ್ರದಿಂದ ಹುಟ್ಟಿ, ಇಡೀ ಭಾರತದಿಂದ ವರ್ಷಕ್ಕೆ ಬೆರಳೆಣಿಕೆಯವರನ್ನಷ್ಟೇ ಆರಿಸುತ್ತಿದ್ದ ರೋಡ್ಸ್ ವಿದ್ಯಾರ್ಥಿವೇತನ ಕಾರ್ನಾಡರಿಗೆ ದೊರೆತು, ಅವರು 1960ರಿಂದ 1963ರವರೆಗೆ ಆಕ್ಸ್‌ಫರ್ಡಿನಲ್ಲಿದ್ದರು.

ಕುಮಟಾ ತಾಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಇನ್ನೊಂದು ಬಗೆಯ ದಾರಿ ತುಳಿದರು. ಗಿಬ್ ಹೈಸ್ಕೂಲಿನಿಂದ ಮೆಟ್ರಿಕ್ ಮುಗಿಸಿದ ಅವರು ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗದಲ್ಲಿ ಓದಿದರು. 1933ರಲ್ಲಿ ತೆರೆದಿದ್ದ ಆ ವಿಭಾಗ ಅಲ್ಪ ಸಂಖ್ಯೆಯ ವಿದ್ಯಾರ್ಥಿಗಳನ್ನು ಮಾತ್ರ ಸೇರಿಸಿಕೊಳ್ಳುತ್ತಿತ್ತು. ಬಳಿಕ ಅಮೆರಿಕದ ನ್ಯೂಜೆರ್ಸಿಯ ಸ್ಟೀವನ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡಿ, ಜೀವನವಿಡೀ ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿಯುತ್ತ ಹನೇಹಳ್ಳಿಯ ಕತೆ ಬರೆದರು. ಊರು ಬಿಟ್ಟವರಿಂದಲೇ ಊರಿನ ಸಾಹಿತ್ಯ ಹುಟ್ಟಿತೆಂಬುದು ಈ ಜಿಲ್ಲೆಯ ಒಂದು ವಿಶೇಷ.

ಚಿತ್ತಾಲರು ಹೈಸ್ಕೂಲಿನಲ್ಲಿದ್ದಾಗ ಮುಂಬಯಿ ಅವರಿಗೆ ದೂರದ ಊರಾಗಿದ್ದರೂ ಪರರಾಜ್ಯವಾಗಿರಲಿಲ್ಲ. ಅದು ಅವರ ಪ್ರಾಂತದ ರಾಜಧಾನಿ, ಅಲ್ಲಿಯ ವಿಶ್ವವಿದ್ಯಾಲಯ ಅವರ ಹೈಸ್ಕೂಲಿಗೆ ಪರೀಕ್ಷೆ ನಡೆಸುತ್ತಿದ್ದ ವಿಶ್ವವಿದ್ಯಾಲಯ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲೇ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದಾಗ ಈ ಸಂಬಂಧದ ಮೊದಲ ಎಳೆ ಸಡಿಲಿತು. ರಾಜ್ಯಗಳ ಪುನರ್ವಿಂಗಡಣೆಯಾಗಿ 1956ರ ನವೆಂಬರ್ 1ರಂದು ಉತ್ತರ ಕೆನರಾ ಮೈಸೂರು ರಾಜ್ಯಕ್ಕೆ ಸೇರಿದಾಗ ಅದು ಪೂರ್ತಿ ಕಡಿಯಿತು. ಕನ್ನಡಿಗರ ಏಕೀಕರಣ ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ದಿನ ಮುಂಬಯಿಯ ಕಾಲೇಜು ಶಿರಾಲಿಯವರ ಪಾಲಿಗೆ ಹೊರರಾಜ್ಯದ ಕಾಲೇಜಾಯಿತು, ಮತ್ತು ಹೆಚ್ಚು ಜನ ಹೋಗಿ ನೆಲೆಸಿರದ ಮೈಸೂರು, ಬೆಂಗಳೂರುಗಳು ಸ್ವಂತ ರಾಜ್ಯದ ಕಾಲೇಜುಗಳ ಊರುಗಳಾದವು.

ಇದರ ಪರಿಣಾಮ ಹಣದ ರೂಪದಲ್ಲಿ ಕಾಣಿಸಿಕೊಳ್ಳಲು ಕಾನೂನು ಆಗಲೇ ದಾರಿ ಮಾಡಿಟ್ಟಿತ್ತು. ಇಂದೂರಿನ ವೈದ್ಯಕೀಯ ಕಾಲೇಜು ಹೊರಗಿನ ವಿದ್ಯಾರ್ಥಿಗಳಿಂದ ಕ್ಯಾಪಿಟೇಶನ್ ಶುಲ್ಕವನ್ನು, ಎಂದರೆ ಬೋಧನಾ ಶುಲ್ಕಕ್ಕೆ ಹೊರತಾಗಿ ತಲೆಗಿಷ್ಟೆಂದು ತೆಗೆದುಕೊಳ್ಳುವ ಹಣವನ್ನು, ವಸೂಲು ಮಾಡುತ್ತಿದ್ದುದನ್ನು ಡಿ. ಪಿ. ಜೋಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1955ರಲ್ಲಿ ಬಹುಮತದಿಂದ ಎತ್ತಿಹಿಡಿಯಿತು. ಹುಟ್ಟಿದ ಜಾಗದ ಆಧಾರದ ಮೇಲೆ ಭೇದ ಮಾಡುವುದನ್ನು ಸಂವಿಧಾನ ನಿಷೇಧಿಸಿದೆ, ವಾಸಸ್ಥಳದ ಆಧಾರದ ಮೇಲಿನ ಭೇದವನ್ನಲ್ಲ ಎಂಬುದು ಅದರ ತರ್ಕ. ಮೈಸೂರು ರಾಜ್ಯದಲ್ಲಿ ಹತ್ತು ವರ್ಷ ವಾಸವಾಗಿದ್ದವರಿಗೆ ಮಾತ್ರ ವೈದ್ಯಕೀಯ ಸೀಟು ಎಂಬ ನಿಯಮವನ್ನು ವಸುಂಧರಾ ಪ್ರಕರಣದಲ್ಲಿ 1971ರಲ್ಲಿ ಅದೇ ನ್ಯಾಯಾಲಯ ಒಪ್ಪಿಕೊಂಡಿತು. ಉತ್ತರ ಕೆನರಾದ ವಲಸೆಗಾರ ಕುಟುಂಬಗಳಿಗೆ ಇದು ಎರಡು ಬಾಯಿಯ ಕತ್ತಿಯಾಯಿತು: ಶಿರಾಲಿಯಲ್ಲಿ ಬೆಳೆದ ಮಗು ಮಹಾರಾಷ್ಟ್ರದಲ್ಲಿ ಹೊರಗಿನದು, ಗಾಮದೇವಿಯಲ್ಲಿ ಬೆಳೆದು ಬೇಸಿಗೆಗೆ ಮಾತ್ರ ಅಜ್ಜನ ಮನೆಗೆ ಬರುತ್ತಿದ್ದ ಮಗು ಮೈಸೂರಿನಲ್ಲಿ ಹೊರಗಿನದು.

ಇದೇ ಅವಧಿಯಲ್ಲಿ ಜಿಲ್ಲೆಯೊಳಗೇ ಕಾಲೇಜುಗಳು ಎದ್ದವು. ಅಂಕೋಲೆಯ ಅಲಗೇರಿಯ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಜನತಾ ವಿದ್ಯಾಲಯಗಳೆಂಬ ಹೈಸ್ಕೂಲುಗಳನ್ನೂ, 1966ರಲ್ಲಿ ಅಂಕೋಲೆಯ ಗೋಖಲೆ ಶತಾಬ್ದಿ ಕಾಲೇಜನ್ನೂ ತೆರೆದರು. ತಾವೇ ಮುಂಬಯಿಯಲ್ಲಿ ಓದಿದ್ದ ಅವರಿಗೆ ಮುಂಬಯಿಗೆ ಹೋಗಲಾರದವರ ಲೆಕ್ಕ ಚೆನ್ನಾಗಿ ತಿಳಿದಿತ್ತು. ಭಟ್ಕಳದ ನವಾಯತ ಮುಸ್ಲಿಮರು 1919ರಲ್ಲೇ ಅಂಜುಮನ್ ಹಾಮಿ ಮುಸ್ಲಿಮೀನ್ ಸಂಸ್ಥೆಯನ್ನು ಕಟ್ಟಿದ್ದರು. ವ್ಯಾಪಾರಕ್ಕಾಗಿ ಮದ್ರಾಸು, ಕಲಕತ್ತೆ, ಮುಂಬಯಿ, ಆ ಮೇಲೆ ಕೊಲ್ಲಿ ದೇಶಗಳಿಗೆ ಹೋದವರ ಗಳಿಕೆ ಆ ಸಂಸ್ಥೆಗೆ ಹರಿದುಬಂದು, 1968ರಲ್ಲಿ ಪದವಿ ಕಾಲೇಜು, 1980ರಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾದವು. ಶಿರಾಲಿಯಿಂದ ಬಸ್ಸಿನಲ್ಲಿ ಕಾಲು ಗಂಟೆಯ ದೂರದಲ್ಲಿ ಎಂಜಿನಿಯರಿಂಗ್ ಓದಬಹುದಾದದ್ದು ಊರಿನ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ.

ದುಬಾರಿ ಕಾಲೇಜಿನ ಕತೆ ಮಾತ್ರ ದಕ್ಷಿಣದಿಂದ ಬಂತು. ಡಾ. ಟಿ. ಎಂ. ಎ. ಪೈ 1953ರಲ್ಲಿ ಮಣಿಪಾಲದಲ್ಲಿ ಸ್ಥಾಪಿಸಿದ ಕಸ್ತೂರಬಾ ವೈದ್ಯಕೀಯ ಕಾಲೇಜು, ವಿದ್ಯಾರ್ಥಿಗಳ ಹಣದಿಂದಲೇ ಖಾಸಗಿ ವೈದ್ಯಕೀಯ ಕಾಲೇಜು ನಡೆಯಬಹುದೆಂದು ತೋರಿಸಿತು. 1970, 80ರ ದಶಕಗಳಲ್ಲಿ ಕರ್ನಾಟಕದ ಉದ್ದಕ್ಕೂ ಅದರ ಅನುಕರಣೆಗಳು ಹುಟ್ಟಿದವು. ಕ್ಯಾಪಿಟೇಶನ್ ಶುಲ್ಕಕ್ಕೆ ಕನ್ನಡದಲ್ಲಿ ರೂಢಿಯಾದ ಮಾತು ವಂತಿಗೆ. ಶಿರಾಲಿಯ ಕಿವಿಗೆ ಅದು ವಿಚಿತ್ರವಾಗಿ ಕೇಳಿಸಿರಬೇಕು, ಏಕೆಂದರೆ ಅಲ್ಲಿ ವಂತಿಗೆಯೆಂದರೆ ಮಠದ ಖರ್ಚಿಗೆ ಪ್ರತಿ ಸಂಸಾರವೂ ತನ್ನ ಆದಾಯಕ್ಕೆ ತಕ್ಕಂತೆ ಕೊಡುವ ಪಾಲು, ಅದನ್ನು ಕೊಡುವವನು ಸಮಾಜದ ಒಳಗಿನವನೆಂಬುದಕ್ಕೆ ಗುರುತು. ಕಾಲೇಜಿನ ವಂತಿಗೆಯನ್ನಾದರೋ ಒಳಗಿನವನಿಗಿಂತ ಹೊರಗಿನವನೇ ಹೆಚ್ಚು ಕೊಡಬೇಕಿತ್ತು.

ಕರ್ನಾಟಕ ಸರಕಾರ ವಂತಿಗೆಯನ್ನು 1984ರಲ್ಲಿ ಕಾಯಿದೆಯಿಂದ ನಿಷೇಧಿಸಿತು. ಆದರೆ ಅದೇ ಕಾಯಿದೆಯಡಿ 1989ರ ಜೂನಿನಲ್ಲಿ ಹೊರಡಿಸಿದ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಿಗೆ ಮೂರು ದರ ಗೊತ್ತುಮಾಡಿತು: ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000. ಗಡಿಗೆ ಇಷ್ಟು ನಿಖರವಾಗಿ ಬೆಲೆ ಕಟ್ಟಿದ ಕಾಗದ ಇನ್ನೊಂದು ಸಿಗುವುದು ಕಷ್ಟ. ಉತ್ತರ ಪ್ರದೇಶದ ಒಬ್ಬ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ, ಬೇರೆ ಹೆಸರಿಟ್ಟರೂ ಇದು ವಂತಿಗೆಯೇ ಎಂದು ಅಧಿಸೂಚನೆಯನ್ನು ರದ್ದುಗೊಳಿಸಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಸೀಟುಗಳನ್ನು ಉಚಿತ ಸೀಟು, ಪಾವತಿ ಸೀಟು ಎಂದು ವಿಂಗಡಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕದಲ್ಲಿ 1994ರಿಂದ ಸಿಇಟಿ, ಅಂದರೆ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿತು. ಕರಾವಳಿಯ ಮಧ್ಯಮ ವರ್ಗದ ಹುಡುಗ ಹುಡುಗಿಯರಿಗೆ ಈ ಸಿಇಟಿಯಷ್ಟು ಉಪಕಾರ ಮಾಡಿದ್ದು ಬಹುಶಃ ಮತ್ತೊಂದಿಲ್ಲ. ರ‍್ಯಾಂಕು ಬಂದರೆ ಮಾವನ ಹಂಗೂ ಬೇಡ, ಸಾಹುಕಾರನ ಹಂಗೂ ಬೇಡ. ಮಣಿಪಾಲದ ಟಿ. ಎಂ. ಎ. ಪೈ ಪ್ರತಿಷ್ಠಾನದ ಹೆಸರಿನಲ್ಲೇ ನಡೆದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಆ ಉಚಿತ ಸೀಟಿನ ಯೋಜನೆಯನ್ನು ತಳ್ಳಿಹಾಕಿತು, ಶುಲ್ಕ ನಿಗದಿಯಲ್ಲಿ ಖಾಸಗಿ ಸಂಸ್ಥೆಗಳಿಗೆ ಹೆಚ್ಚಿನ ಸ್ವಾತಂತ್ರ್ಯ ಒದಗಿತು.

ಕೊಂಕಣ ರೈಲ್ವೆ 1998ರಲ್ಲಿ ಪೂರ್ಣವಾಗಿ ತೆರೆದಾಗ ಮಳೆಗಾಲದ ಲೆಕ್ಕ ಇಲ್ಲವಾಯಿತು. ಶಿರಾಲಿಯ ಬಳಿ ಚಿತ್ರಾಪುರ ಎಂಬ ಪುಟ್ಟ ನಿಲ್ದಾಣವೂ ಆಯಿತು. ಮುಂಬಯಿ ಒಂದು ರಾತ್ರಿಯ ಪ್ರಯಾಣದಷ್ಟು ಹತ್ತಿರ ಬಂತು, ಅದು ಹೊರರಾಜ್ಯವಾಗಿ ಆಗಲೇ ನಾಲ್ಕು ದಶಕ ಕಳೆದಿತ್ತು. ಕಾರವಾರದಲ್ಲಿ 2016ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ತೆರೆಯಿತು, ಅದೇ ವರ್ಷ ಧಾರವಾಡದಲ್ಲಿ ಐಐಟಿ ಆರಂಭವಾಯಿತು. ಐಐಟಿಗಳು ರಾಜ್ಯದ ಗಡಿಯನ್ನು ಲೆಕ್ಕಿಸುವುದಿಲ್ಲ. ಹಿಂದಿನ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜುಗಳಾಗಿದ್ದ ಎನ್‌ಐಟಿಗಳಾದರೋ ಅರ್ಧದಷ್ಟು ಸೀಟುಗಳನ್ನು ತಾವಿರುವ ರಾಜ್ಯದವರಿಗೆ ಕಾದಿರಿಸುತ್ತವೆ, ರಾಜ್ಯ ಯಾವುದೆಂಬುದನ್ನು ವಿದ್ಯಾರ್ಥಿ ಹನ್ನೆರಡನೆಯ ತರಗತಿಯ ಪರೀಕ್ಷೆ ಬರೆದ ಊರು ನಿರ್ಧರಿಸುತ್ತದೆ. ಶಿರಾಲಿಯಿಂದ ದಕ್ಷಿಣಕ್ಕೆ ಸುಮಾರು 140 ಕಿಲೋಮೀಟರ್ ದೂರದಲ್ಲಿ, 1960ರಲ್ಲಿ ಹುಟ್ಟಿದ ಸುರತ್ಕಲ್ಲಿನ ಸಂಸ್ಥೆಯಿದೆ, ಉತ್ತರಕ್ಕೆ ಅದಕ್ಕಿಂತ ತುಸು ಹೆಚ್ಚು ದೂರದಲ್ಲಿ ಕಾಳಿ ನದಿಯಾಚೆ ಗೋವೆಯ ಎನ್‌ಐಟಿ ಇದೆ. ಭಟ್ಕಳದಲ್ಲಿ ಪಿಯುಸಿ ಮುಗಿಸಿದ ಹುಡುಗಿಯ ಹೆಸರು ಒಂದೇ ರ‍್ಯಾಂಕಿನ ಮೇಲೆ ಸುರತ್ಕಲ್ಲಿನಲ್ಲಿ ಸ್ವಂತ ರಾಜ್ಯದವರ ಪಟ್ಟಿಯಲ್ಲೂ, ಗೋವೆಯಲ್ಲಿ ಹೊರರಾಜ್ಯದವರ ಪಟ್ಟಿಯಲ್ಲೂ ಬರುತ್ತದೆ.